ಬೆಂಗಳೂರು ನಾಗರತ್ನಮ್ಮ

ಹಾಡುಗಾರ್ತಿಯ ದನಿ ಬೇಕು, ಹಾಡುಗಾರ್ತಿ ಬೇಡ ಅನ್ನುವ ಅಭಿಮಾನಿಗಳು ಎಲ್ಲ ಕಾಲದಲ್ಲೂ ಇದ್ದಾರೆ. ಸಿನಿಮಾ ತಾರೆಯರ ಬಗ್ಗೆ ನಮ್ಮ ಹಾಸ್ಟೆಲ್ ಹರಟೆಗಳೇ ಇದಕ್ಕೆ ಸಾಕ್ಷಿ. ನೂರು ವರ್ಷದ ಹಿಂದೆ ಇದೇ ಮದರಾಸಿನಲ್ಲಿ ಇಂಥ ಅಭಿಮಾನಿಗಳ ಜೊತೆ ಏಗಿದ ಕನ್ನಡದ ಹೆಂಗಸೊಬ್ಬರಿದ್ದರು.

ಹುಟ್ಟಿದ್ದು 1878ರಲ್ಲಿ, ನಂಜನಗೂಡಿನಲ್ಲಿ. ತಾಯಿ ಪುಟ್ಟಲಕ್ಷ್ಮಿ, ದೇವದಾಸಿ ಮನೆತನ. ಬಡತನವಿದ್ದರೂ ಮಗಳಿಗೆ ಸಂಗೀತ, ನೃತ್ಯ, ಸಂಸ್ಕೃತ, ತೆಲುಗು ಎಲ್ಲ ಕಲಿಸಿದರು. ಮೈಸೂರು, ಬೆಂಗಳೂರುಗಳಲ್ಲಿ ಹೆಸರಾಯ್ತು. ಆಮೇಲೆ ಮದರಾಸು. ಕಚೇರಿಗಳ ಮೇಲೆ ಕಚೇರಿ, ಗ್ರಾಮಫೋನ್ ತಟ್ಟೆಗಳು, ಆದಾಯ ತೆರಿಗೆ ಕಟ್ಟುವಷ್ಟು ಸಂಪಾದನೆ. ಆಗಿನ ಲೆಕ್ಕಕ್ಕೆ ಅವರು ದೊಡ್ಡ ಸ್ಟಾರ್.

ಮೊದಲ ಜಗಳ ಒಂದು ಪುಸ್ತಕದ್ದು. ಹದಿನೆಂಟನೇ ಶತಮಾನದಲ್ಲಿ ತಂಜಾವೂರಿನ ಆಸ್ಥಾನದಲ್ಲಿದ್ದ ಗಣಿಕೆ ಮುದ್ದುಪಳನಿ ಬರೆದ ತೆಲುಗು ಕಾವ್ಯ ರಾಧಿಕಾ ಸಾಂತ್ವನಮು. ಅಚ್ಚಾಗಿದ್ದ ಪ್ರತಿಯಲ್ಲಿ ಕವಯಿತ್ರಿಯ ಕುಲದ ವಿವರಗಳನ್ನೂ ಕೆಲವು ಪದ್ಯಗಳನ್ನೂ ಕೈಬಿಟ್ಟಿದ್ದರು. ನಾಗರತ್ನಮ್ಮ ಹಸ್ತಪ್ರತಿ ಹುಡುಕಿ, 1910ರಲ್ಲಿ ವಾವಿಳ್ಳದವರಿಂದ ಪೂರ್ತಿ ಕಾವ್ಯ ಪ್ರಕಟಿಸಿದರು. ಸಮಾಜ ಸುಧಾರಕ ಕಂದುಕೂರಿ ವೀರೇಶಲಿಂಗಂ ಅವರಿಗೆ ಆ ಕಾವ್ಯ ಅಶ್ಲೀಲವಾಗಿ ಕಂಡಿತ್ತು. ಅದಕ್ಕಿಂತ ಹಸಿ ಶೃಂಗಾರ ಬರೆದ ಗಂಡಸು ಕವಿಗಳಿಗೆ ಇಲ್ಲದ ನಿಯಮ ಇವಳೊಬ್ಬಳಿಗೆ ಯಾಕೆ ಅಂತ ನಾಗರತ್ನಮ್ಮ ಮುನ್ನುಡಿಯಲ್ಲೇ ಕೇಳಿದರು. 1911ರಲ್ಲಿ ಸರಕಾರ ಪುಸ್ತಕ ನಿಷೇಧಿಸಿತು. ನಿಷೇಧ ಹೋಗೋಕೆ 1947 ಬರಬೇಕಾಯ್ತು.

ಎರಡನೆಯದು ತಿರುವೈಯಾರಿನದು. ಗುರು ಬಿಡಾರಂ ಕೃಷ್ಣಪ್ಪನವರಿಂದ ಕಾಗದ ಬಂತು: ತ್ಯಾಗರಾಜರ ಸಮಾಧಿ ಪಾಳು ಬಿದ್ದಿದೆ ಅಂತ. 1921ರಲ್ಲಿ ಕೆಲಸ ಹಿಡಿದರು. ಕಾವೇರಿ ದಂಡೆಯ ಆ ಜಾಗ ಕೊಂಡು, ತಮ್ಮ ದುಡಿಮೆಯ ಹಣದಲ್ಲೇ ಗುಡಿ ಕಟ್ಟಿಸಿ, ಮೂರ್ತಿ ಪ್ರತಿಷ್ಠೆ ಮಾಡಿಸಿದರು. ಆದರೆ ಆರಾಧನೆಯಲ್ಲಿ ಹಾಡೋ ಹಾಗಿಲ್ಲ! ಆಗ ಆರಾಧನೆ ನಡೆಸುತ್ತಿದ್ದ ಪಕ್ಷಗಳು ಎರಡು, ದೊಡ್ಡದು ಮತ್ತು ಚಿಕ್ಕದು. ಒಂದಕ್ಕೊಂದು ಆಗುತ್ತಿರಲಿಲ್ಲ. ಹೆಂಗಸರು, ಅದರಲ್ಲೂ ದೇವದಾಸಿಯರು, ಅಲ್ಲಿ ಹಾಡಕೂಡದು ಅನ್ನೋದರಲ್ಲಿ ಮಾತ್ರ ಎರಡಕ್ಕೂ ಒಮ್ಮತ. ಸಭೆಗಳಲ್ಲಿ ಟಿಕೆಟ್ ಕೊಂಡು ಇವರನ್ನು ಕೇಳಿ ತಲೆದೂಗಿದ ರಸಿಕರು ಈ ಊರಿಗೆ ಬರುತ್ತಿರಲಿಲ್ಲವೇ? ಬರುತ್ತಿದ್ದರು. ಹೆಚ್ಚಿನವರು ಸುಮ್ಮನಿದ್ದರು.

ನಾಗರತ್ನಮ್ಮ ಅಳುತ್ತಾ ಕೂರಲಿಲ್ಲ. 1927ರಲ್ಲಿ ಹೆಂಗಸರದ್ದೇ ಮೂರನೇ ಪಕ್ಷ ಕಟ್ಟಿದರು. ಗುಡಿಯ ಹಿಂಬದಿಯಲ್ಲಿ ಅವರ ಹಾಡುಗಾರಿಕೆ ಶುರುವಾಯ್ತು. ಜನ ಅಲ್ಲಿಗೂ ಬಂದರು. ಗುಡಿ ಕಟ್ಟಿಸಿದವರಿಗೆ ಹಿಂಬದಿಯ ಜಾಗ, ನೋಡಿ. 1940ರ ಸುಮಾರಿಗೆ ಮೂರು ಪಕ್ಷಗಳೂ ಒಂದಾದವು, ಹೆಂಗಸರಿಗೂ ಸ್ಥಾನ ಸಿಕ್ಕಿತು.

ಒಂದು ವಿಷಯದಲ್ಲಿ ಅವರ ಜೊತೆ ನಿಲ್ಲೋದು ನನಗೆ ಕಷ್ಟ. ಡಾ. ಮುತ್ತುಲಕ್ಷ್ಮಿ ರೆಡ್ಡಿ ಮದರಾಸು ಶಾಸನಸಭೆಯಲ್ಲಿ ದೇವದಾಸಿ ಪದ್ಧತಿಯ ವಿರುದ್ಧ ಹೋರಾಡುತ್ತಿದ್ದಾಗ, ನಾಗರತ್ನಮ್ಮ ಎದುರು ಪಾಳೆಯದಲ್ಲಿದ್ದರು. ಚಿಕ್ಕ ಹುಡುಗಿಯರನ್ನು ದೇವರ ಹೆಸರಲ್ಲಿ ಮುಡಿಪಿಡೋದು ನಿಲ್ಲಲೇಬೇಕಿತ್ತು. 1947ರ ಕಾಯಿದೆ ಸರಿಯೇ. ಆದರೆ ಸ್ವಂತ ಆಸ್ತಿ, ಓದು, ಸಂಗೀತ ಎಲ್ಲ ಇದ್ದ ಹೆಂಗಸರನ್ನೂ ವೇಶ್ಯೆಯರು ಅನ್ನುವ ಒಂದೇ ಮಾತಲ್ಲಿ ಕಟ್ಟಿಹಾಕಬೇಡಿ ಅನ್ನೋದು ಅವರ ವಾದ. ಆ ವಾದದಲ್ಲಿ ಹುರುಳಿಲ್ಲ ಅನ್ನೋಕೂ ಆಗೋಲ್ಲ.

ಕೊನೆಯ ವರ್ಷಗಳನ್ನು ತಿರುವೈಯಾರಿನಲ್ಲೇ ಕಳೆದರು. ಉಯಿಲಿನಲ್ಲಿ ಆಸ್ತಿಯನ್ನೆಲ್ಲ ಸಮಾಧಿಗೆ ಬಿಟ್ಟರು, ಷರತ್ತು ಹಾಕಿ: ಹೆಂಗಸರಿಗೆ, ದೇವದಾಸಿಯರಿಗೂ, ಅಲ್ಲಿ ಹಾಡಲು ಅವಕಾಶ ಇರಲೇಬೇಕು. 1952ರ ಮೇ ತಿಂಗಳಲ್ಲಿ ತೀರಿಕೊಂಡರು. ಅವರ ಸಮಾಧಿಯೂ ಅಲ್ಲೇ, ತ್ಯಾಗರಾಜರ ಗುಡಿಯ ಹತ್ತಿರ. ಪುಷ್ಯ ಬಹುಳ ಪಂಚಮಿಯ ದಿನ ಪಂಚರತ್ನ ಹಾಡಲು ಕೂರುವ ಗುಂಪಿನಲ್ಲಿ ಈಗ ಹೆಂಗಸರ ಸಾಲು ಬಹಳ ಉದ್ದ.