ಡಾಕ್ಟರ್ ಆಲಿಸ್ ಹ್ಯಾಮಿಲ್ಟನ್

ತುರುವನೂರಿನಂತಹ ನಮ್ಮ ದುರ್ಗದ ಸೀಮೆಯ ಊರುಗಳಲ್ಲಿಯೂ ಪಾದರಸವನ್ನು ಅರಿಯದವರು ವಿರಳ. ಜ್ವರ ನೋಡುವ ಕಡ್ಡಿಯಲ್ಲಿ ಅದನ್ನು ನಾವೆಲ್ಲರೂ ಕಂಡಿರುವೆವು. ಕೋಲಾರದಲ್ಲಿ ಪುಡಿಗೈದ ಅದುರಿನಿಂದ ಚಿನ್ನವನ್ನು ಹಿಡಿಯುತ್ತಿದ್ದುದೂ ಅದರಿಂದಲೇ. ನೋಟಕ್ಕೆ ಚೆಲುವಾದ ಈ ಲೋಹವು ಕಾಯಿಸದಿದ್ದರೂ ಆವಿಯಾಗುವುದು. ಆ ಆವಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ಕೂಲಿಗಾರರ ನರಗಳನ್ನು ಕೆಡಿಸುವ ಬಗೆಯನ್ನು ವಿಚಾರಿಸಿ ಬರೆದ ಒಬ್ಬ ವೈದ್ಯೆಯ ಚರಿತ್ರೆಯನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರಿಗೂ ತಂದೆತಾಯಿಗಳಿಗೂ ಇಲ್ಲಿ ನಿವೇದಿಸುತ್ತೇವೆ.

ಆಲಿಸ್ ಹ್ಯಾಮಿಲ್ಟನ್ನಳು 1869ನೆಯ ಇಸವಿ ಫೆಬ್ರವರಿ 27ರಂದು ಅಮೆರಿಕಾದ ನ್ಯೂಯಾರ್ಕಿನಲ್ಲಿ ಜನಿಸಿ, ಇಂಡಿಯಾನಾ ಪ್ರಾಂತದ ಫೋರ್ಟ್ ವೇನ್ ಎಂಬಲ್ಲಿ ಬೆಳೆದಳು. ಅಕ್ಕನಾದ ಈಡಿತಳು ಗ್ರೀಕ್ ಸಾಹಿತ್ಯದಲ್ಲಿ ಪಾರಂಗತಳಾಗಿ, ಬಾಲ್ಟಿಮೋರಿನ ಬಾಲಿಕಾ ಪಾಠಶಾಲೆಯೊಂದಕ್ಕೆ ಬಹುಕಾಲ ಮುಖ್ಯೋಪಾಧ್ಯಾಯಿನಿಯಾಗಿದ್ದಳು. ತಂಗಿಯಾದರೋ ವೈದ್ಯವನ್ನು ಆರಿಸಿಕೊಂಡು 1893ರಲ್ಲಿ ಮಿಚಿಗನ್ ವಿಶ್ವವಿದ್ಯಾನಿಲಯದ ಪದವಿಯನ್ನು ಪಡೆದಳು. 1897ರಲ್ಲಿ ಷಿಕಾಗೋ ನಗರವನ್ನು ಸೇರಿ, ಬಡ ಕೂಲಿಗಾರರ ಕೇರಿಯ ನಡುವೆ ಇದ್ದ ಹಲ್ ಹೌಸ್ ಎಂಬ ಸೇವಾಗೃಹದಲ್ಲಿ ನೆಲಸಿದಳು.

ಇಲಿನಾಯ್ ಪ್ರಾಂತದ ಸರ್ಕಾರವು ಕಸುಬಿನ ರೋಗಗಳನ್ನು ಶೋಧಿಸಲು ಒಂದು ಮಂಡಲಿಯನ್ನು ನೇಮಿಸಿತು. 1910ರಲ್ಲಿ ಅದರ ಪರವಾಗಿ ಸೀಸದ ವಿಷವನ್ನು ಹುಡುಕಹೊರಟ ಆಕೆಯು ಕಾರ್ಖಾನೆಯವರ ಮಾತನ್ನಷ್ಟೇ ನೆಚ್ಚದೆ, ಆಸ್ಪತ್ರೆಗಳ ದಾಖಲೆಗಳನ್ನು ತೆಗೆಸಿ ನೋಡಿ, ರೋಗಿಗಳ ಮನೆಬಾಗಿಲಿಗೆ ನಡೆದಳು. ಮುಂದೆ ಕೇಂದ್ರ ಸರ್ಕಾರದ ಪರವಾಗಿ ಇದೇ ಕಾರ್ಯವನ್ನು ಕೈಕೊಂಡಾಗ, ಕಾರ್ಖಾನೆಯನ್ನು ಪ್ರವೇಶಿಸುವ ಅಧಿಕಾರವೇ ಆಕೆಗಿರಲಿಲ್ಲ. ಒಡೆಯರನ್ನು ಒಪ್ಪಿಸಿಯೇ ಒಳಹೋಗಬೇಕಾಗಿತ್ತು. ಹೆಣ್ಣಾದುದು ಇಲ್ಲಿ ಅನುಕೂಲವೇ ಆಯಿತೆಂದು ನಮ್ಮ ಅಭಿಪ್ರಾಯ. ಕೂಲಿಗಾರನ ಹೆಂಡತಿಯು ಅಡಿಗೆಯ ಮನೆಯಲ್ಲಿ ಆಡುವ ಮಾತನ್ನು ಅಧಿಕಾರಿಯ ಮುಂದೆ ಆಡುವಳೇ?

ಪಾದರಸದ ಕೆಡುಕು ಎದ್ದು ಕಂಡುದು ಟೋಪಿ ಮಾಡುವವರಲ್ಲಿ. ಮೊಲದ ತುಪ್ಪಟವು ಒಂದಕ್ಕೊಂದು ಹೆಣೆದುಕೊಳ್ಳಲೆಂದು, ಪಾದರಸವನ್ನು ನೈಟ್ರಿಕ್ ಆಮ್ಲದಲ್ಲಿ ಕರಗಿಸಿ ಅದಕ್ಕೆ ಸವರುತ್ತಿದ್ದರು. ಮುಂದೆ ಅದನ್ನು ಒಣಗಿಸಿ, ಹಬೆಯಲ್ಲಿ ಹದಮಾಡುವಾಗ ವಿಷದ ಆವಿಯು ಏಳುತ್ತಿದ್ದಿತು. 1922ರಲ್ಲಿ ಆಕೆಯು ಈ ಕಸುಬಿನವರ ರೋಗಗಳನ್ನು ಕುರಿತು ಬರಹವೊಂದನ್ನು ಪ್ರಕಟಿಸಿದಳು. ಈ ವಿಷವೇರಿದವರಿಗೆ ವಸಡು ಬಾತು ಜೊಲ್ಲು ಸುರಿಯುವುದು, ಹಲ್ಲು ಸಡಿಲವಾಗುವುದು. ಬೆರಳು, ರೆಪ್ಪೆ, ತುಟಿಗಳು ನಡುಗುವುವು. ತಮ್ಮ ರುಜುವನ್ನು ಹಾಕಲಾರರು, ತುಂಬಿದ ಬಟ್ಟಲನ್ನು ಬಾಯಿಗೆ ಒಯ್ಯಲಾರರು. ಇದಕ್ಕಿಂತಲೂ ಕರುಣಾಜನಕವಾದುದು ಮನಸ್ಸಿನ ವಿಕಾರ. ನಗುನಗುತ್ತಿದ್ದವನು ಸಂಕೋಚದಿಂದ ಜನರ ಕಣ್ಣಿಗೆ ಮರೆಯಾಗುವನು, ಅಕಾರಣವಾಗಿ ಸಿಡಿಮಿಡಿಗೊಳ್ಳುವನು, ಯಾರಾದರೂ ನೋಡುತ್ತಿದ್ದರೆ ಕೈಯ ಕೆಲಸವನ್ನೇ ಮಾಡಲಾರನು. ಅರಿಯದವರಿಗೆ ಇದೆಲ್ಲ ಕುಡುಕನ ಲಕ್ಷಣವೆಂದೇ ತೋರುವುದು. ಟೋಪಿಗಳಿಗೆ ಹೆಸರಾದ ಡ್ಯಾನ್‌ಬರಿ ಪಟ್ಟಣದಲ್ಲಿ ಈ ನಡುಕಕ್ಕೆ ಆ ಊರಿನ ಹೆಸರೇ ಅಂಟಿಕೊಂಡಿತ್ತು. ಕ್ಯಾಲಿಫೋರ್ನಿಯಾದ ಪಾದರಸದ ಗಣಿಗಳನ್ನೂ ಆಕೆಯು ಹೋಗಿ ನೋಡಿದಳು.

1919ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಅಧ್ಯಾಪಕವರ್ಗವನ್ನು ಸೇರಿದ ಪ್ರಥಮ ಸ್ತ್ರೀ ಈಕೆಯೇ. ಆದರೆ ಪದವಿದಾನದ ಮೆರವಣಿಗೆಯಲ್ಲಿ ನಡೆಯಬಾರದೆಂದು ಷರತ್ತು! 1935ರಲ್ಲಿ ನಿವೃತ್ತಳಾದಾಗಲೂ ಆಕೆಗಿದ್ದುದು ಸಹಾಯಕ ಪ್ರಾಧ್ಯಾಪಕ ಸ್ಥಾನವೇ. ಇದು ಆ ವಿದ್ಯಾಲಯಕ್ಕೆ ಶೋಭೆಯಲ್ಲ.

1941ರ ಡಿಸೆಂಬರಿನಿಂದ ಅಮೆರಿಕಾದ ಟೋಪಿಯ ಕಸುಬಿನಲ್ಲಿ ಪಾದರಸವು ನಿಂತುಹೋಯಿತು. ಅದನ್ನು ಕಂಡು ಬಹುವರ್ಷ ಬಾಳಿದ ಆಕೆಯು 1970ನೆಯ ಸೆಪ್ಟೆಂಬರ್ 22ರಂದು ತನ್ನ 101ನೆಯ ವಯಸ್ಸಿನಲ್ಲಿ ಕನೆಕ್ಟಿಕಟ್ ಪ್ರಾಂತದ ಹ್ಯಾಡ್‌ಲೈಮಿನಲ್ಲಿ ತೀರಿಕೊಂಡಳು. ನಮ್ಮ ನೆರೆಯ ಕೊಡೈಕನಾಲಿನಲ್ಲಿ ಜ್ವರದ ಕಡ್ಡಿಗಳನ್ನು ಮಾಡುತ್ತಿದ್ದ ಕಾರ್ಖಾನೆಯು ಪಾದರಸದ ದೆಸೆಯಿಂದ ಮುಚ್ಚಿದುದು 2001ರಲ್ಲಿ. ಅಲ್ಲಿ ದುಡಿದಿದ್ದ 591 ಮಂದಿಯೊಡನೆ ಒಪ್ಪಂದವಾದುದು 2016ರಲ್ಲಿ.