ವಿಲಿಯಂ ಕಿಂಬರ್: ಗಾರೆ ಕೆಲಸದ ಕೈಯಲ್ಲಿ ಉಳಿದ ಜನಪದ ಮಟ್ಟುಗಳು

ನಾಗ್ಪುರ ಜಿಲ್ಲೆಯ ಸಾವನೇರ್ ಕಡೆಯ ಭಜನೆಯಿರಲಿ, ಉತ್ತರ ಕರ್ನಾಟಕದ ಶ್ರೀಕೃಷ್ಣ ಪಾರಿಜಾತವಿರಲಿ, ಹಾರ್ಮೋನಿಯಂ ಪೆಟ್ಟಿಗೆ ಇಲ್ಲದೆ ರಂಗೇರುವುದಿಲ್ಲ. ಒಳಗಿನ ಲೋಹದ ನಾಲಗೆಗೆ ಗಾಳಿ ತಾಗಿ ನಾದ ಹೊಮ್ಮುವುದು ಇದರ ಗುಟ್ಟು. ಅದೇ ಗುಟ್ಟಿನ ಇನ್ನೊಂದು ವಾದ್ಯ ಕನ್ಸರ್ಟಿನಾ. ಎರಡು ಕೈಗಳ ನಡುವೆ ಹಿಡಿದು ಹಿಗ್ಗಿಸಿ ಕುಗ್ಗಿಸುವ ಈ ಪುಟ್ಟ ಪೆಟ್ಟಿಗೆಯಲ್ಲಿ ಇಂಗ್ಲೆಂಡ್‌ನ ಹಳ್ಳಿ ಕುಣಿತದ ಮಟ್ಟುಗಳನ್ನು ಕಾಪಾಡಿದವರು ವಿಲಿಯಂ ಕಿಂಬರ್.

ಕಿಂಬರ್ ಹುಟ್ಟಿದ್ದು 1872ರ ಸೆಪ್ಟೆಂಬರ್ 8ರಂದು, ಆಕ್ಸ್‌ಫರ್ಡ್ ಬಳಿಯ ಹೆಡಿಂಗ್ಟನ್ ಕ್ವಾರಿಯಲ್ಲಿ. ವೃತ್ತಿ ಗಾರೆ ಕೆಲಸ. ಅವರ ತಂದೆ ಊರಿನ ಮಾರಿಸ್ ಕುಣಿತದ ತಂಡದಲ್ಲಿದ್ದವರು. ಕಾಲಿಗೆ ಗೆಜ್ಜೆ ಕಟ್ಟಿ, ಕೈಯಲ್ಲಿ ಕರವಸ್ತ್ರ ಅಥವಾ ಕೋಲು ಹಿಡಿದು ಕುಣಿಯುವ ಕಲೆ ಇದು. ನಮ್ಮ ಕೋಲಾಟ ನೋಡಿದವರಿಗೆ ಅಪರಿಚಿತ ಎನಿಸದು. ಹಿರಿಯರ ನುಡಿಕೆ ಕೇಳಿ ಕೇಳಿಯೇ ಕಿಂಬರ್ ಮಟ್ಟುಗಳನ್ನು ಕಲಿತರು. ಆದರೆ 1887ರ ಹೊತ್ತಿಗೆ ತಂಡ ಕುಣಿತ ನಿಲ್ಲಿಸಿತ್ತು. ಮತ್ತೆ ಗೆಜ್ಜೆ ಕಟ್ಟಿದ್ದು 1899ರಲ್ಲಿ.

ಹೊಟ್ಟೆಪಾಡಿಗಾಗಿ ಕುಣಿದ ದಿನ

ಆ ವರ್ಷದ ಚಳಿಗಾಲದಲ್ಲಿ ಹಿಮ ಬಿದ್ದು ಕಟ್ಟಡ ಕೆಲಸ ನಿಂತಿತು. ಕೂಲಿಯೂ ನಿಂತಿತು. ಮಾರಿಸ್‌ಗೆ ಅದು ಕಾಲವಲ್ಲದಿದ್ದರೂ ನಾಲ್ಕು ಕಾಸಿಗಾಗಿ ತಂಡ ಡಿಸೆಂಬರ್ 26ರಂದು ಮನೆ ಮನೆಗೆ ಹೊರಟಿತು. ಹೀಗೆ ಕುಣಿದ ಒಂದು ಮನೆಯಲ್ಲಿ ಸಂಗೀತ ಶಿಕ್ಷಕ ಸೆಸಿಲ್ ಶಾರ್ಪ್ ಅತಿಥಿಯಾಗಿದ್ದರು. ಕಿಂಬರ್ ನುಡಿಸಿದ ಮಟ್ಟುಗಳಿಗೆ ಅವರು ಮಾರುಹೋದರು. ಮರುದಿನವೇ ಕಿಂಬರ್ ಅವರನ್ನು ಕರೆಸಿ ಐದು ಮಟ್ಟುಗಳನ್ನು ಸ್ವರಲಿಪಿಗೆ ಇಳಿಸಿಕೊಂಡರು.

1905ರಲ್ಲಿ ಮೇರಿ ನೀಲ್ ಎಂಬ ಸಮಾಜ ಸೇವಕಿ ಲಂಡನ್‌ನ ದುಡಿಯುವ ಹೆಣ್ಣುಮಕ್ಕಳಿಗೆ ಈ ಕುಣಿತ ಕಲಿಸಲು ಕಿಂಬರ್ ಅವರನ್ನು ಕರೆಸಿದರು. ಕಲಿತ ಹುಡುಗಿಯರು ಊರೂರಿಗೆ ಹೋಗಿ ಬೇರೆಯವರಿಗೂ ಕಲಿಸಿದರು. 1907ರಲ್ಲಿ ಶಾರ್ಪ್ ಅವರ ಮಾರಿಸ್ ಪುಸ್ತಕ ಹೊರಬಂತು. 1911ರಲ್ಲಿ ಇಂಗ್ಲಿಷ್ ಜನಪದ ನೃತ್ಯ ಸಂಘ ಹುಟ್ಟಿತು. ಜನಪದ ಸಂಗ್ರಾಹಕರಾಗಿ ಶಾರ್ಪ್ ಹೆಸರಾದರು. ಅವರ ಉಪನ್ಯಾಸಗಳಲ್ಲಿ ಕುಣಿದು ತೋರಿಸುತ್ತಿದ್ದ ಕಿಂಬರ್ ಮಾತ್ರ ಇಟ್ಟಿಗೆ, ಗಾರೆಯ ಕೆಲಸ ಬಿಡಲಿಲ್ಲ.

ಅವರದು ಆಂಗ್ಲೋ ಮಾದರಿಯ ಕನ್ಸರ್ಟಿನಾ. ಇದರಲ್ಲಿ ಒಂದೇ ಗುಂಡಿ ಒತ್ತಿದಾಗ ಒಂದು ಸ್ವರ, ಎಳೆದಾಗ ಇನ್ನೊಂದು ಸ್ವರ ಬರುತ್ತದೆ. ಈ ಒತ್ತು ಎಳೆತದಿಂದಲೇ ಕುಣಿತಕ್ಕೆ ಬೇಕಾದ ಲಯ ಮೂಡುತ್ತದೆ. ಅವರ ವಾದನದ ಧ್ವನಿಮುದ್ರಿಕೆಗಳು ಉಳಿದಿದ್ದು, ಕನ್ಸರ್ಟಿನಾ ಕಲಿಯುವವರು ಇಂದಿಗೂ ಅವನ್ನು ಕೇಳುತ್ತಾರೆ.

ಕಿಂಬರ್ ತೀರಿಕೊಂಡಿದ್ದು 1961ರಲ್ಲಿ, 89ನೇ ವಯಸ್ಸಿನಲ್ಲಿ. ಅಂದು ಕೂಡ ಡಿಸೆಂಬರ್ 26. ಶಾರ್ಪ್ ಎದುರು ನುಡಿಸಿ ಸರಿಯಾಗಿ 62 ವರ್ಷ ಕಳೆದಿತ್ತು. ಊರಿನ ಚರ್ಚ್ ಅಂಗಳದಲ್ಲಿರುವ ಅವರ ಸಮಾಧಿ ಕಲ್ಲಿನ ಮೇಲೆ ಕನ್ಸರ್ಟಿನಾ ಮತ್ತು ಗೆಜ್ಜೆಯ ಕೆತ್ತನೆಯಿದೆ. ಕೆಲಸವಿಲ್ಲದ ಒಂದು ದಿನ, ಹೊಟ್ಟೆಪಾಡಿಗಾಗಿ ಹೊರತೆಗೆದ ಮಟ್ಟುಗಳಿಗೆ ಇಂದಿಗೂ ಹೆಡಿಂಗ್ಟನ್ ತಂಡ ಹೆಜ್ಜೆ ಹಾಕುತ್ತಿದೆ.