ಭದ್ರಾವತಿ ಕಾರ್ಖಾನೆಯ ಅಧ್ಯಕ್ಷರಾಗಿ ಸರ್ ಎಂ. ವಿಶ್ವೇಶ್ವರಯ್ಯನವರು



ವಿಶ್ವೇಶ್ವರಯ್ಯನವರು ಅಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಕನ್ನಂಬಾಡಿ ಕಟ್ಟೆ. ಅವರು ದೊಡ್ಡ ಇಂಜಿನಿಯರು, ಮೈಸೂರಿನ ದಿವಾನರು ಅನ್ನೋದು ಶಾಲೆ ಮಕ್ಕಳಿಗೂ ಗೊತ್ತು. ಆದರೆ ನಷ್ಟದಲ್ಲಿ ಮುಳುಗುತ್ತಿದ್ದ ಒಂದು ಕಾರ್ಖಾನೆಗೆ ಅಧ್ಯಕ್ಷರಾಗಿ ಆರು ವರ್ಷ ದುಡಿದು ಅದನ್ನು ದಡ ಸೇರಿಸಿದ ಕಥೆ ನಮ್ಮ ಚಾಮರಾಜನಗರ, ಗುಂಡ್ಲುಪೇಟೆ ಕಡೆ ಅಷ್ಟಾಗಿ ಯಾರ ಬಾಯಲ್ಲೂ ಕೇಳಿಬರುವುದಿಲ್ಲ. ನಮ್ಮ ಸಂಘಕ್ಕೆ 25 ವರ್ಷ ತುಂಬಿದ ಈ ಸಮಯದಲ್ಲಿ ಆ ಕಥೆ ನಮಗೆ ಬೇಕು ಎನಿಸಿ ಬರೆಯುತ್ತಿದ್ದೇನೆ.

ಅವರು ಹುಟ್ಟಿದ್ದು 1861ರಲ್ಲಿ, ಚಿಕ್ಕಬಳ್ಳಾಪುರದ ಹತ್ತಿರದ ಮುದ್ದೇನಹಳ್ಳಿಯಲ್ಲಿ. ಎಳೆಯ ವಯಸ್ಸಿನಲ್ಲೇ ತಂದೆಯನ್ನು ಕಳೆದುಕೊಂಡರು. ಬೆಂಗಳೂರಿನಲ್ಲಿ ಬೇರೆ ಮಕ್ಕಳಿಗೆ ಪಾಠ ಹೇಳಿಕೊಟ್ಟು ಓದಿ 1881ರಲ್ಲಿ ಬಿ.ಎ. ಮುಗಿಸಿದರು. ಆಮೇಲೆ ಪುಣೆಯಲ್ಲಿ ಇಂಜಿನಿಯರಿಂಗ್ ಕಲಿತು 1884ರಲ್ಲಿ ಬೊಂಬಾಯಿ ಸರ್ಕಾರದ ಕೆಲಸಕ್ಕೆ ಸೇರಿದರು. 1909ರಲ್ಲಿ ಮೈಸೂರಿಗೆ ಮುಖ್ಯ ಇಂಜಿನಿಯರಾಗಿ ಬಂದರು. 1912ರಿಂದ 1918ರವರೆಗೆ ದಿವಾನರಾಗಿದ್ದರು. ದಿವಾನಗಿರಿ ಒಪ್ಪಿಕೊಳ್ಳುವ ಮುಂಚೆ ನೆಂಟರಿಷ್ಟರನ್ನು ಕರೆದು, ಯಾರೂ ನನ್ನ ಹತ್ತಿರ ಶಿಫಾರಸಿಗೆ ಬರಕೂಡದು ಎಂದು ಮಾತು ತೆಗೆದುಕೊಂಡರಂತೆ. ನಮ್ಮ ಹಿರಿಯರು ಪಾಸ್‌ಬುಕ್ ಇಟ್ಟಿದ್ದ ಮೈಸೂರು ಬ್ಯಾಂಕು 1913ರಲ್ಲಿ ಶುರುವಾದದ್ದು ಅವರ ಕಾಲದಲ್ಲೇ. ಅದು 2017ರಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದಲ್ಲಿ ಸೇರಿಹೋಯಿತು.

ಭದ್ರಾವತಿ ಕಬ್ಬಿಣದ ಕಾರ್ಖಾನೆ ಅವರು ದಿವಾನರಾಗಿದ್ದಾಗಲೇ ಮೊಳಕೆಯೊಡೆದ ಯೋಜನೆ. 1923ರ ಜನವರಿಯಲ್ಲಿ ಕಬ್ಬಿಣ ಕರಗಿಸಲು ಶುರುವಾಯಿತು. ಅಷ್ಟರಲ್ಲಿ ಮಹಾಯುದ್ಧ ಮುಗಿದು ಕಬ್ಬಿಣದ ಬೆಲೆ ಬಿದ್ದಿತ್ತು. ಕಟ್ಟುವ ಖರ್ಚೋ ಅಂದಾಜು ಮೀರಿ ಬೆಳೆದಿತ್ತು. ಬೆಳೆ ಕೈಗೆ ಬರುವ ಹೊತ್ತಿಗೆ ಮಾರ್ಕೆಟ್ಟು ಬಿದ್ದರೆ ರೈತನ ಗತಿ ಏನು ಅನ್ನೋದು ಅರಿಶಿನ, ಈರುಳ್ಳಿ ಬೆಳೆಯೋ ನಮಗೆ ಹೇಳಿಕೊಡಬೇಕಾಗಿಲ್ಲ. ಕಾರ್ಖಾನೆ ಮುಚ್ಚಿಬಿಡಿ ಎನ್ನುವ ಮಾತೂ ಎದ್ದಿತು. ಆಗ ನಾಲ್ವಡಿ ಕೃಷ್ಣರಾಜ ಒಡೆಯರವರ ಸರ್ಕಾರ ವಿಶ್ವೇಶ್ವರಯ್ಯನವರನ್ನೇ ಕರೆದು ಆಡಳಿತ ಮಂಡಳಿಯ ಅಧ್ಯಕ್ಷರನ್ನಾಗಿ ಮಾಡಿತು. ದಿವಾನಗಿರಿ ಬಿಟ್ಟು ನಾಲ್ಕು ವರ್ಷ ದಾಟಿತ್ತು, ವಯಸ್ಸು 60 ಮೀರಿತ್ತು. ಆದರೂ ಒಪ್ಪಿಕೊಂಡರು.

ಆ ಕಾರ್ಖಾನೆ ನಡೆಸೋದು ಸುಲಭದ ಕೆಲಸವಾಗಿರಲಿಲ್ಲ. ಮೈಸೂರು ಸೀಮೆಯಲ್ಲಿ ಕಲ್ಲಿದ್ದಲು ಇಲ್ಲ, ಮಲೆನಾಡಿನ ಸೌದೆಯಿಂದ ಇದ್ದಿಲು ಮಾಡಬೇಕು. ಅದಿರು ಕೆಮ್ಮಣ್ಣುಗುಂಡಿ ಬೆಟ್ಟದಿಂದ ಬರಬೇಕು. ಊದುಕುಲುಮೆಗೆ ಒಂದು ಸಾರಿ ಬೆಂಕಿ ಹಾಕಿದರೆ ಹಗಲು ರಾತ್ರಿ ಉರಿಯುತ್ತಲೇ ಇರಬೇಕು. ಸೌದೆ ತಡವಾದರೂ ಅದಿರು ತಡವಾದರೂ ಎಲ್ಲವೂ ನಿಲ್ಲುತ್ತದೆ. ಗಣಿ, ಕಾಡು, ಸಾಗಾಣಿಕೆ, ಕುಲುಮೆ, ಮಾರಾಟ, ಲೆಕ್ಕಪತ್ರ ಹೀಗೆ ಒಂದೊಂದು ವಿಭಾಗಕ್ಕೂ ಒಬ್ಬ ಮುಖ್ಯಸ್ಥ ಬೇಕು. ಅವರೆಲ್ಲರ ಮೇಲೆ ದಿನನಿತ್ಯದ ಕೆಲಸ ನೋಡುವ ಮ್ಯಾನೇಜರು, ಮ್ಯಾನೇಜರಿಂದ ಲೆಕ್ಕ ಕೇಳುವ ಮಂಡಳಿ, ಮಂಡಳಿಯನ್ನು ಲೆಕ್ಕ ಕೇಳುವ ಬಂಡವಾಳದ ಯಜಮಾನ, ಅಂದ್ರೆ ಆಗಿನ ಸರ್ಕಾರ. ದೊಡ್ಡ ಕಂಪನಿಗಳ ಆಡಳಿತ ಇವತ್ತಿಗೂ ಹೆಚ್ಚುಕಡಿಮೆ ಇದೇ ಏಣಿ.

ವಿಶ್ವೇಶ್ವರಯ್ಯನವರು ಮೊದಲು ಕೈಹಾಕಿದ್ದು ಖರ್ಚಿಗೆ. ಹೊರದೇಶದಿಂದ ಬಂದಿದ್ದ ತಜ್ಞರಿಗೆ ದೊಡ್ಡ ಸಂಬಳ ಹೋಗುತ್ತಿತ್ತು. ನಮ್ಮ ಹುಡುಗರನ್ನೇ ತರಬೇತು ಮಾಡಿ ಹಂತ ಹಂತವಾಗಿ ಆ ಜಾಗಕ್ಕೆ ತಂದರು. ಕಚ್ಚಾ ಕಬ್ಬಿಣ ಮಾರಿದರೆ ಸಿಗೋದು ಕಡಿಮೆ ಎಂದು ಎರಕದ ಕೊಳವೆ ಮಾಡಿಸಿದರು. ಸೌದೆ ಸುಟ್ಟಾಗ ಬರುವ ಹೊಗೆಯನ್ನೂ ಬಿಡದೆ, ಅದರಿಂದ ಸ್ಪಿರಿಟ್ಟು, ಡಾಂಬರಿನಂಥ ಪದಾರ್ಥ ತೆಗೆದು ಮಾರುವ ಕಾರ್ಖಾನೆ ಅಲ್ಲೇ ಇತ್ತು. 1929ರಲ್ಲಿ ಅವರು ಬಿಟ್ಟು ಬರುವ ಹೊತ್ತಿಗೆ ಕಾರ್ಖಾನೆ ತನ್ನ ಖರ್ಚು ತಾನೇ ಹೊರುವ ಸ್ಥಿತಿಗೆ ಬಂದಿತ್ತು. 1936ರಲ್ಲಿ ಉಕ್ಕಿನ ತಯಾರಿಕೆಯೂ ಸೇರಿತು.

ಅಧ್ಯಕ್ಷಗಿರಿಗೆ ಸಲ್ಲಬೇಕಾಗಿದ್ದ ಸಂಭಾವನೆಯನ್ನು ತಾವು ಇಟ್ಟುಕೊಳ್ಳದೆ, ಹುಡುಗರಿಗೆ ಕೈಕಸುಬು ಕಲಿಸುವ ಸಂಸ್ಥೆಗೆ ಬಳಸಿ ಎಂದರು. ಹಾಗೆ ಬೆಂಗಳೂರಿನಲ್ಲಿ ಎದ್ದ ಸಂಸ್ಥೆಗೆ ಅವರ ಹೆಸರಿಡಲು ಹೊರಟಾಗ ಬೇಡವೆಂದರು. ಅದಕ್ಕೆ ಶ್ರೀ ಜಯಚಾಮರಾಜೇಂದ್ರ ಒಡೆಯರವರ ಹೆಸರು ಬಂತು. 1927ರಿಂದ 1955ರವರೆಗೆ ಟಾಟಾ ಉಕ್ಕಿನ ಕಂಪನಿಗೂ ಅವರು ನಿರ್ದೇಶಕರಾಗಿದ್ದರು. 1955ರಲ್ಲಿ ಭಾರತರತ್ನ ಬಂತು. 1962ರಲ್ಲಿ ನೂರು ದಾಟಿ ತೀರಿಕೊಂಡರು.

ಆಮೇಲೆ ಭದ್ರಾವತಿ ಕಾರ್ಖಾನೆಗೆ ಅವರ ಹೆಸರೇ ಬಂತು. ಆದರೆ 2023ರಲ್ಲಿ ಅದನ್ನು ಮುಚ್ಚುವ ತೀರ್ಮಾನ ಹೊರಬಿದ್ದು ಕಾರ್ಮಿಕರು ಧರಣಿ ಕೂತರು. ಕಟ್ಟಿದವರು ಎಷ್ಟೇ ದೊಡ್ಡವರಾದರೂ, ಆಮೇಲೆ ನಡೆಸುವವರು ವರ್ಷ ವರ್ಷವೂ ಎಚ್ಚರವಾಗಿರಬೇಕು ಅನ್ನೋದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ನಮ್ಮ ಸಂಘ ಆ ಕಾರ್ಖಾನೆ ಮುಂದೆ ಸಾಸಿವೆ ಕಾಳು. ಆದರೂ ಏಣಿ ಅದೇ. ಸದಸ್ಯರೇ ಯಜಮಾನರು, ನಿರ್ದೇಶಕರು ಮಂಡಳಿ, ಕಾರ್ಯದರ್ಶಿ ಮ್ಯಾನೇಜರು. ಇದರಲ್ಲಿ ಒಂದು ಮೆಟ್ಟಿಲು ಇನ್ನೊಂದರ ಕೆಲಸಕ್ಕೆ ಕೈಹಾಕಿದರೆ ಕಷ್ಟ. ನಿರ್ದೇಶಕ ಚೀಟಿ ಬರೆದುಕೊಟ್ಟ ಅಂತ ಕಾರ್ಯದರ್ಶಿ ಗೊಬ್ಬರದ ಮೂಟೆ ಉದ್ದರಿ ಎತ್ತಿಕೊಟ್ಟರೆ, ಸುಸ್ತಿ ಬಾಕಿ ಬೆಳೆಯುತ್ತದೆ, ಮುಂದಿನ ಮುಂಗಾರಿಗೆ ಸರಿಯಾಗಿ ಕಟ್ಟುವವನಿಗೂ ಸಾಲ ಸಿಗುವುದಿಲ್ಲ. ಊರಿನಲ್ಲಿ ನಮ್ಮ ನಮ್ಮವರಿಗೆ ಇಲ್ಲ ಅನ್ನೋದು ಕಷ್ಟ, ನಾನೂ ನಿರ್ದೇಶಕನಾಗಿ ಅದನ್ನು ಬಲ್ಲೆ. ಆದರೆ ನೆಂಟರಿಗೆ ಮೊದಲೇ ಮಾತು ಹೇಳಿ ಕುರ್ಚಿಯಲ್ಲಿ ಕೂತವರ ದಾರಿ ನಮ್ಮ ಮುಂದಿದೆ.

ಸದಸ್ಯರಲ್ಲಿ ನನ್ನ ವಿನಂತಿ ಇಷ್ಟೇ. ಮಹಾಸಭೆಗೆ ಬಂದು ಊಟ ಮಾಡಿ ಹೋಗಬೇಡಿ. ಜಮಾಖರ್ಚಿನ ಹಾಳೆ ಓದಿಸಿ ಕೇಳಿ, ಬಾಕಿ ಯಾರದು ಎಷ್ಟು ಅಂತ ಕೇಳಿ. ನಮ್ಮನ್ನು ಕೇಳುವವರು ಇದ್ದರೆ ನಾವೂ ನೆಟ್ಟಗೆ ನಡೀತೀವಿ, ಸಂಘವೂ 50ನೇ ವರ್ಷ ಕಾಣುತ್ತದೆ.